ಬಾವಿಗೆ ತಕ್ಕ ಪಂಪು, ಮನೆಗೆ ತಕ್ಕ ತೊಟ್ಟಿ



ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಒಬ್ಬರು ಬೋರ್ ಕೊರೆಸಿದರೆಂದರೆ ಊರವರು ಕೇಳುವ ಮೊದಲನೆಯ ಮಾತು, “ಏನಣ್ಣಾ, ಎಷ್ಟು ಇಂಚು ಬಿತ್ತು?” ಎರಡನೆಯ ಮಾತು, “ಎಷ್ಟು ಎಚ್.ಪಿ. ಬಿಡ್ತೀಯಣ್ಣಾ?” ಈ ಎರಡು ಮಾತಿನ ನಡುವೆ ಕೇಳಿಕೊಳ್ಳಲೇಬೇಕಾದ ನಾಲ್ಕು ಪ್ರಶ್ನೆಗಳುಂಟು. ಮನೆಗೆ ದಿನಕ್ಕೆ ಎಷ್ಟು ನೀರು ಬೇಕು? ಬಾವಿ ಗಂಟೆಗೆ ಎಷ್ಟು ನೀರು ಕೊಡುತ್ತದೆ? ಆ ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು? ಎಂಥ ಕೊಳವೆಯಲ್ಲಿ, ಎಷ್ಟು ದೂರ ಸಾಗಿಸಬೇಕು? ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಎಷ್ಟು ಕುದುರೆಶಕ್ತಿಯ ಪಂಪು ಬೇಕೆಂಬುದು ತಾನಾಗಿಯೇ ತಿಳಿದುಬರುತ್ತದೆ. ಕೇಳಿಕೊಳ್ಳದೆ ತಂದ ಪಂಪು ಮೋಟಾರನ್ನು ಸುಡುತ್ತದೆ, ಬಾವಿಯನ್ನು ಕೆಡಿಸುತ್ತದೆ. ಆಮೇಲೆ “ಈ ಬೋರು ಫೇಲಾಯ್ತು” ಎಂದು ಮನೆಯವರು ಇನ್ನೊಂದು ಕೊರೆಸಲು ಸಾಲಕ್ಕೆ ಕೈಯೊಡ್ಡುತ್ತಾರೆ. ಅನೇಕ ಸಲ ಫೇಲಾದದ್ದು ಬೋರಲ್ಲ, ಲೆಕ್ಕ.

ಆದುದರಿಂದ ಮನೆಗೆ, ಕೊಟ್ಟಿಗೆಗೆ ನೀರೆತ್ತುವ ಪಂಪಿನ ಅಳತೆಯನ್ನು ಹೇಗೆ ಗೊತ್ತು ಮಾಡಬೇಕೆಂಬುದನ್ನು ಈ ಹೊತ್ತು ವಿಚಾರ ಮಾಡೋಣ. ಒಂದು ಕಾಗದ, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಶಾಲೆಗೆ ಹೋಗುವ ಮಕ್ಕಳಿದ್ದರೆ ಲೆಕ್ಕ ಅವರಿಂದಲೇ ಬರೆಯಿಸಿರಿ.

ಕಪಿಲೆಯ ಲೆಕ್ಕ

ಪಂಪು ನಮಗೆ ಹೊಸದಿರಬಹುದು, ನೀರೆತ್ತುವ ಲೆಕ್ಕ ಹೊಸದಲ್ಲ. ಹಿಂದೆ ಕಪಿಲೆ ಹೂಡುತ್ತಿದ್ದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ತೊಗಲಿನ ಚೀಲ ದೊಡ್ಡದಾದರೆ ಒಂದು ಸಲಕ್ಕೆ ಹೆಚ್ಚು ನೀರು ಬರುತ್ತದೆ, ಆದರೆ ಎತ್ತುಗಳಿಗೆ ಭಾರ. ಬಾವಿ ಆಳವಾದರೂ ಎತ್ತುಗಳಿಗೆ ಭಾರವೇ. ಎತ್ತುಗಳು ಎಷ್ಟೇ ಗಟ್ಟಿಯಾಗಿರಲಿ, ಬಾವಿಯಲ್ಲಿ ನೀರಿಲ್ಲದಿದ್ದರೆ ಚೀಲ ಖಾಲಿಯಾಗಿ ಮೇಲೆ ಬರುತ್ತದೆ.

ಪಂಪಿನ ಮರ್ಮ ಇಷ್ಟೇ. ಚೀಲದ ಗಾತ್ರವೆಂದರೆ ಪಂಪು ಗಂಟೆಗೆ ಹೊರಹಾಕುವ ನೀರು. ಅಂಗಡಿಯವರು ಇದನ್ನು ಡಿಸ್ಚಾರ್ಜ್ ಎನ್ನುತ್ತಾರೆ. ಬಾವಿಯ ಆಳವೆಂದರೆ ನೀರನ್ನು ಏರಿಸಬೇಕಾದ ಎತ್ತರ. ಇದಕ್ಕೆ ಹೆಡ್ ಎಂದು ಹೆಸರು. ಎತ್ತಿನ ಜೋಡಿಯೆಂದರೆ ಮೋಟಾರು. ಎತ್ತು ಬದಲಾಯಿಸಿದ ಮಾತ್ರಕ್ಕೆ ಬಾವಿಯಲ್ಲಿ ನೀರು ಊರುವುದಿಲ್ಲ. ಪಂಪು ಇದ್ದ ನೀರನ್ನು ಮೇಲಕ್ಕೆ ತರುತ್ತದೆಯೇ ಹೊರತು ಇಲ್ಲದ ನೀರನ್ನು ಹುಟ್ಟಿಸುವುದಿಲ್ಲ.

ಮನೆಗೆ ದಿನಕ್ಕೆ ಎಷ್ಟು ನೀರು?

ಮೊದಲು ಮನೆಯ ಬಾಯಿಗಳನ್ನು ಎಣಿಸಿರಿ, ಆಮೇಲೆ ಕೊಟ್ಟಿಗೆಯ ಬಾಯಿಗಳನ್ನು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರಿನ ಲೆಕ್ಕ ಹಿಡಿದಿದ್ದಾರೆ. ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆಯುವುದು ಎಲ್ಲವೂ ಮನೆಯ ನೀರಿನಲ್ಲೇ ಆಗಬೇಕಾದರೆ ಒಬ್ಬರಿಗೆ 100 ಲೀಟರು ಹಿಡಿದುಕೊಳ್ಳುವುದು ಮೇಲು. ಬೇಸಿಗೆಯಲ್ಲಿ ಎತ್ತು ಹಸುಗಳಿಗೆ ತಲೆಗೆ 60 ಲೀಟರು, ಕುರಿ ಮೇಕೆಗೆ ತಲೆಗೆ 6 ಲೀಟರು ಎಂದಿಟ್ಟುಕೊಳ್ಳಬಹುದು. ಹೆಚ್ಚು ಹಾಲು ಕರೆಯುವ ಹಸುವಿಗೆ ಇದಕ್ಕಿಂತ ಹೆಚ್ಚೇ ಬೇಕು.

ಪರಶುರಾಂಪುರದ ಕಡೆಯ ಒಂದು ಮನೆ ಎಂದುಕೊಳ್ಳೋಣ. ಮನೆಯಲ್ಲಿ ಎಂಟು ಜನ. ಎರಡು ಎತ್ತು, ಎರಡು ಹಸು, ನಲವತ್ತು ಕುರಿ.

ಎಂಟು ಜನಕ್ಕೆ 800 ಲೀಟರು.
ನಾಲ್ಕು ದನಕ್ಕೆ 240 ಲೀಟರು.
ನಲವತ್ತು ಕುರಿಗೆ 240 ಲೀಟರು.
ಕೊಟ್ಟಿಗೆ ತೊಳೆಯಲು, ಹಿತ್ತಲಿನ ನಾಲ್ಕು ಗಿಡಕ್ಕೆ 220 ಲೀಟರು.

ಒಟ್ಟು 1,500 ಲೀಟರು. ಇಷ್ಟು ದೊಡ್ಡ ಸಂಸಾರಕ್ಕೂ ದಿನಕ್ಕೆ ಬೇಕಾದದ್ದು ಒಂದೂವರೆ ಸಾವಿರ ಲೀಟರು ಮಾತ್ರ. ಈ ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ದೇವರ ಎತ್ತುಗಳ ಹಿಂಡು ಸಾಕುವ ಹಟ್ಟಿಗಳಲ್ಲಿ ಲೆಕ್ಕ ಬೇರೆ: ಐವತ್ತು ತಲೆಯ ಹಿಂಡಿಗೇ 3,000 ಲೀಟರು ಬೇಕಾಗುತ್ತದೆ. ಅಂಥ ಕಡೆ ದನದ ತೊಟ್ಟಿಯ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು.

ಬಾವಿ ಗಂಟೆಗೆ ಎಷ್ಟು ಕೊಡುತ್ತದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇಲ್ಲೇ ಜನ ಎಡವುವುದು ಹೆಚ್ಚು.

ಬೋರಿನವರು “ಎರಡು ಇಂಚು ನೀರು” ಎಂದರೆ ಎರಡು ಇಂಚಿನ ಪೈಪು ತುಂಬ ನೀರು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಕೊರೆದಾಗ ಹರಿದುಬರುವ ನೀರಿಗೆ ಅಡ್ಡಲಾಗಿ ‘ವಿ’ ಆಕಾರದ ಕಚ್ಚು ಇರುವ ತಗಡನ್ನು ನಿಲ್ಲಿಸುತ್ತಾರೆ. ಆ ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತು ಹರಿಯುತ್ತದೆಯೋ ಅಷ್ಟು ಇಂಚು ಎಂದು ಲೆಕ್ಕ. ಕಚ್ಚು ಮೇಲೆ ಹೋದಷ್ಟೂ ಅಗಲವಾಗುವುದರಿಂದ ಇಂಚು ಒಂದು ಹೆಚ್ಚಿದರೆ ನೀರು ಒಂದು ಪಾಲು ಹೆಚ್ಚುವುದಿಲ್ಲ, ಬಹಳ ಹೆಚ್ಚುತ್ತದೆ. 90 ಡಿಗ್ರಿಯ ಕಚ್ಚಿನಲ್ಲಿ ಲೆಕ್ಕ ಹೀಗಿದೆ:

ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರು.
ಎರಡು ಇಂಚಿಗೆ ಗಂಟೆಗೆ ಸುಮಾರು 2,900 ಲೀಟರು.
ಮೂರು ಇಂಚಿಗೆ ಗಂಟೆಗೆ ಸುಮಾರು 8,000 ಲೀಟರು.

ನೋಡಿದಿರಾ? ಎರಡು ಇಂಚು ಒಂದು ಇಂಚಿನ ಎರಡರಷ್ಟಲ್ಲ, ಐದೂವರೆಯಷ್ಟು. ಮೂರು ಇಂಚು ಹದಿನೈದರಷ್ಟಕ್ಕೂ ಮೇಲೆ. ಆದುದರಿಂದ “ಒಂದೂವರೆ ಇಂಚಿರಬಹುದು, ಎರಡೇ ಅಂದ್ಕೊಳ್ಳಿ” ಎಂಬ ಮಾತಿಗೆ ತಲೆದೂಗಬೇಡಿರಿ. ಆ ಅರ್ಧ ಇಂಚಿನಲ್ಲಿ ಅರ್ಧದಷ್ಟು ನೀರೇ ಹೋಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಕೊರೆದ ದಿನ ಗಾಳಿಯ ಒತ್ತಡಕ್ಕೆ ಚಿಮ್ಮಿದ ನೀರು ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತಿದ್ದ ನೀರೂ ಹೌದು. ನಮ್ಮದು ಗಟ್ಟಿ ಕಲ್ಲಿನ ನೆಲ. ಇಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ಹರಿಯುತ್ತದೆ, ಮರಳಿನ ನೆಲದ ಹಾಗೆ ಎಲ್ಲೆಲ್ಲೂ ತುಂಬಿರುವುದಿಲ್ಲ. ಮೊದಲ ದಿನದ ಇಂಚು ಆರು ತಿಂಗಳ ಮೇಲೆ ಅಷ್ಟೇ ಇರುತ್ತದೆಂಬ ಭರವಸೆಯಿಲ್ಲ.

ಸರಿಯಾದ ಅಳತೆ ಹೀಗೆ ಮಾಡಬೇಕು. ಬೇಸಿಗೆಯಲ್ಲಿ, ಏಪ್ರಿಲ್ ಮೇ ತಿಂಗಳಲ್ಲಿ, ಪಂಪನ್ನು ಎರಡು ಮೂರು ಗಂಟೆ ಓಡಿಸಿರಿ. ನೀರಿನ ಧಾರೆ ಒಂದೇ ಸಮನಾದ ಮೇಲೆ 200 ಲೀಟರಿನ ಡ್ರಮ್ಮು ಹಿಡಿದು ಎಷ್ಟು ನಿಮಿಷಕ್ಕೆ ತುಂಬುತ್ತದೆಂದು ಗಡಿಯಾರದಲ್ಲಿ ನೋಡಿರಿ. ಆರು ನಿಮಿಷಕ್ಕೆ ತುಂಬಿದರೆ ಗಂಟೆಗೆ ಹತ್ತು ಡ್ರಮ್ಮು, ಅಂದರೆ 2,000 ಲೀಟರು. ಹೊಸ ಬೋರಾದರೆ ಬಾಡಿಗೆಯ ಪಂಪು ಇಳಿಸಿ ಹೀಗೆ ಪರೀಕ್ಷೆ ಮಾಡಿಸಿದ ಮೇಲೆಯೇ ಸ್ವಂತ ಪಂಪು ತರುವುದು ಜಾಣತನ.

ತೆರೆದ ಬಾವಿಯಲ್ಲಿ ನೀರಿರುವವರು ಇನ್ನೊಂದು ಬಗೆಯಲ್ಲಿ ಅಳೆಯಬಹುದು. ಇಪ್ಪತ್ತು ಅಡಿ ಅಡ್ಡಳತೆಯ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 8,900 ಲೀಟರು. ನೀರೆತ್ತಿ ನಿಲ್ಲಿಸಿದ ಮೇಲೆ ಎರಡು ಗಂಟೆಯಲ್ಲಿ ಒಂದು ಅಡಿ ಏರಿದರೆ ಆ ಬಾವಿಯ ಊಟೆ ಗಂಟೆಗೆ 4,400 ಲೀಟರಿನ ಆಸುಪಾಸು.

ಹೀಗೆ ಬಂದ ಅಂಕಿಯಲ್ಲಿ ಮುಕ್ಕಾಲು ಪಾಲನ್ನು ಮಾತ್ರ ಪಂಪಿನ ಪಾಲೆಂದು ಇಟ್ಟುಕೊಳ್ಳಿರಿ. 2,000 ಲೀಟರು ಕೊಡುವ ಬಾವಿಗೆ 1,500 ಲೀಟರಿನ ಪಂಪು. ಉಳಿದ ಕಾಲು ಪಾಲು ಬರಗಾಲದ ವರ್ಷಕ್ಕೆ ಮೀಸಲು.

ಈ ಮೀಸಲು ಏಕೆಂದು ಕೇಳಬಹುದು. ನಮ್ಮ ಎರಡು ತಾಲ್ಲೂಕುಗಳಲ್ಲಿ ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು, ಅದೂ ವರ್ಷವರ್ಷ ಒಂದೇ ಸಮನಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ವೇದಾವತಿ ತುಂಬಿ ಹರಿದ ವರ್ಷ ಬಾವಿಯ ನೀರು ಮೇಲೆ ಬಂದಿರುತ್ತದೆ. ಆ ವರ್ಷದ ಅಳತೆಗೆ ಪಂಪು ತಂದರೆ ಮುಂದಿನ ಬರಗಾಲದಲ್ಲಿ ಅದೇ ಪಂಪು ಕಂಟಕವಾಗುತ್ತದೆ. ಅಂತರ್ಜಲವನ್ನು ಮಿತಿಮೀರಿ ತೆಗೆದಿರುವ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ಚಳ್ಳಕೆರೆಯ ಹೆಸರು ಸೇರಿ ವರ್ಷಗಳೇ ಆದವು. ಬಾವಿಯ ಅಳತೆ ಬೇಸಿಗೆಯದಾಗಿರಲಿ, ಬಡ ವರ್ಷದ್ದಾಗಿರಲಿ.

ಎಷ್ಟು ಎತ್ತರಕ್ಕೆ ಏರಿಸಬೇಕು?

“ನಮ್ಮ ಬೋರು ನಾನೂರು ಅಡಿ, ಅದಕ್ಕೆ ನಾನೂರು ಅಡಿಯ ಪಂಪು ಬೇಕು” ಎನ್ನುವವರುಂಟು. ಕೊರೆದ ಆಳಕ್ಕೂ ಏರಿಸುವ ಎತ್ತರಕ್ಕೂ ಸಂಬಂಧವಿಲ್ಲ. ಪಂಪು ಕೂತಿರುವ ಆಳವೂ ಲೆಕ್ಕಕ್ಕೆ ಬರುವುದಿಲ್ಲ. ಪಂಪು ಓಡುತ್ತಿರುವಾಗ ಬೋರಿನೊಳಗೆ ನೀರಿನ ಮಟ್ಟ ಎಲ್ಲಿ ನಿಂತಿರುತ್ತದೆಯೋ ಅಲ್ಲಿಂದ, ನೀರು ಬೀಳುವ ತೊಟ್ಟಿಯ ಬಾಯಿಯವರೆಗೆ ಇರುವ ಎತ್ತರವೇ ಲೆಕ್ಕ.

ಬೋರು 400 ಅಡಿ, ಪಂಪು ಇಳಿಸಿದ್ದು 300 ಅಡಿಗೆ ಎನ್ನೋಣ. ಬೆಳಗಿನ ಜಾವ ಪಂಪು ಹಚ್ಚುವ ಮುಂಚೆ ನೀರು 150 ಅಡಿಯಲ್ಲಿತ್ತು. ಎರಡು ಗಂಟೆ ಓಡಿದ ಮೇಲೆ 220 ಅಡಿಗೆ ಇಳಿದು ಅಲ್ಲಿ ನಿಂತಿತು. ನೆಲದಿಂದ ತೊಟ್ಟಿಯ ಬಾಯಿ 20 ಅಡಿ ಮೇಲಿದೆ. ಆಗ ಎತ್ತರ 220ಕ್ಕೆ 20 ಕೂಡಿಸಿ 240 ಅಡಿ. ಮೀಟರಿನಲ್ಲಿ ಹೇಳಿದರೆ 73. ಪಂಪಿನ ಪಟ್ಟಿಯೆಲ್ಲ ಮೀಟರಿನಲ್ಲಿರುವುದರಿಂದ ಹತ್ತು ಮೀಟರಿಗೆ ಸುಮಾರು 33 ಅಡಿ ಎಂಬುದನ್ನು ನೆನಪಿಡಿರಿ.

ನೀರಿನ ಮಟ್ಟ ಅಳೆಯುವುದು ಹೇಗೆ? ಓಡುವ ಪಂಪಿನ ಬೋರಿನೊಳಗೆ ದಾರ ಬಿಟ್ಟರೆ ಕೇಬಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಪಂಪು ಇಳಿಸುವಾಗಲೇ ಅದರ ಜೊತೆಗೆ ಅರ್ಧ ಇಂಚಿನ ಸಣ್ಣ ಕೊಳವೆಯೊಂದನ್ನು ಇಳಿಸಲು ಮೆಕ್ಯಾನಿಕ್ಕಿಗೆ ಹೇಳಿರಿ. ಅದರೊಳಗೆ ತೂಕ ಕಟ್ಟಿದ ದಾರ ಬಿಟ್ಟು ವರ್ಷವಿಡೀ ಮಟ್ಟ ನೋಡಿಕೊಳ್ಳಬಹುದು. ತಿಂಗಳಿಗೊಮ್ಮೆ ಗೋಡೆಯ ಮೇಲೆ ಬರೆದಿಟ್ಟರೆ ನಿಮ್ಮ ಬಾವಿಯ ಆರೋಗ್ಯ ನಿಮ್ಮ ಕಣ್ಣ ಮುಂದೆಯೇ ಇರುತ್ತದೆ.

ತೆರೆದ ಬಾವಿಯ ಮೇಲೆ ಪಂಪು ಕೂರಿಸುವವರಿಗೆ ಒಂದು ಮಾತು. ದಡದ ಮೇಲಿರುವ ಪಂಪು ನೀರನ್ನು ಎಳೆಯುವುದಿಲ್ಲ. ಕೊಳವೆಯೊಳಗಿನ ಗಾಳಿಯನ್ನು ಕಡಮೆ ಮಾಡುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ನೂಕುತ್ತದೆ. ಆ ಒತ್ತಡ ನಮ್ಮ ಸೀಮೆಯ ಎತ್ತರದಲ್ಲಿ ಪುಸ್ತಕದ ಲೆಕ್ಕಕ್ಕೆ ಸುಮಾರು 32 ಅಡಿ ನೀರನ್ನು ತಡೆದೀತು. ಬಳಕೆಯಲ್ಲಿ 20 ಅಡಿಗಿಂತ ಹೆಚ್ಚು ನಂಬಬಾರದು. ಹತ್ತು ಎಚ್.ಪಿ. ಹಾಕಿದರೂ ಈ ಮಿತಿ ಬದಲಾಗುವುದಿಲ್ಲ. ನೀರು ಅದಕ್ಕಿಂತ ಕೆಳಗಿದ್ದರೆ ಪಂಪನ್ನೇ ಕೆಳಗೆ ಇಳಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗುವ ಪಂಪು ತರಬೇಕು.

ಕೊಳವೆಯ ಸುಂಕ

ಕೊಳವೆಯಲ್ಲಿ ಹೋಗುವ ನೀರು ಗೋಡೆಗೆ ಉಜ್ಜುತ್ತಾ ಹೋಗುತ್ತದೆ. ಆ ಉಜ್ಜುವಿಕೆಗೆ ಪಂಪು ಸುಂಕ ಕಟ್ಟಬೇಕು. ಕೊಳವೆ ಕಿರಿದಾದಷ್ಟೂ ಸುಂಕ ಹೆಚ್ಚು. ಗಂಟೆಗೆ 1,500 ಲೀಟರು ಹರಿಯುವಾಗ, ನುಣುಪಾದ ಪ್ಲಾಸ್ಟಿಕ್ ಕೊಳವೆಯಲ್ಲಿ, ಪ್ರತಿ ನೂರು ಮೀಟರು ಉದ್ದಕ್ಕೆ ತಗಲುವ ಸುಂಕ ಹೀಗಿದೆ:

ಒಳವ್ಯಾಸ 20 ಮಿಲಿಮೀಟರಾದರೆ ಸುಮಾರು 12 ಮೀಟರು.
25 ಮಿಲಿಮೀಟರಾದರೆ ಸುಮಾರು 4 ಮೀಟರು.
32 ಮಿಲಿಮೀಟರಾದರೆ ಒಂದೂಕಾಲು ಮೀಟರಿನಷ್ಟು.

ಬೋರು ಹೊಲದಲ್ಲಿದೆ, ಮನೆ 300 ಮೀಟರು ದೂರದಲ್ಲಿದೆ ಎನ್ನಿ. 20 ಮಿಲಿಮೀಟರಿನ ಕೊಳವೆ ಹಾಕಿದರೆ 36 ಮೀಟರಿನ ಸುಂಕ. ಅಂದರೆ ಬೋರನ್ನು ಇನ್ನೂ ನೂರ ಇಪ್ಪತ್ತು ಅಡಿ ಆಳ ಮಾಡಿದಂತೆ! 32 ಮಿಲಿಮೀಟರಿನದು ಹಾಕಿದರೆ ನಾಲ್ಕು ಮೀಟರೂ ಆಗುವುದಿಲ್ಲ. ದಪ್ಪ ಕೊಳವೆಗೆ ಒಂದು ಸಲ ಹಣ ಕೊಡುತ್ತೇವೆ, ಸಣ್ಣ ಕೊಳವೆಗೆ ದಿನದಿನವೂ ಕೊಡುತ್ತೇವೆ. ಹಳೆಯ ಕಬ್ಬಿಣದ ಕೊಳವೆಯೊಳಗೆ ಉಪ್ಪು ಕಟ್ಟಿಕೊಂಡಿದ್ದರೆ ಸುಂಕ ಇನ್ನೂ ಏರುತ್ತದೆ.

ಅದೇ ಕೊಳವೆಯಲ್ಲಿ ನೀರನ್ನು ಎರಡರಷ್ಟು ನೂಕಿದರೆ ಸುಂಕ ಎರಡರಷ್ಟಲ್ಲ, ಮೂರೂವರೆಯಷ್ಟಕ್ಕೂ ಮೇಲೆ. ದೊಡ್ಡ ಪಂಪು ಹಾಕಿದರೂ ಮನೆಗೆ ನೀರು ಎರಡರಷ್ಟು ಬಾರದಿರುವುದಕ್ಕೆ ಇದೇ ಕಾರಣ.

ಈಗ ಕುದುರೆಶಕ್ತಿ

ನಾಲ್ಕು ಉತ್ತರವೂ ಕೈಗೆ ಬಂದವು. ಒಂದು ಕುದುರೆಶಕ್ತಿಯೆಂದರೆ 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಬಲ. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಆದುದರಿಂದ ಸೆಕೆಂಡಿಗೆ ಎಷ್ಟು ಲೀಟರು ಎಂಬುದನ್ನು ಎಷ್ಟು ಮೀಟರು ಎತ್ತರ ಎಂಬುದರಿಂದ ಗುಣಿಸಿ, 75ರಿಂದ ಭಾಗಿಸಿದರೆ ನೀರೆತ್ತಲು ಬೇಕಾದ ಕುದುರೆಶಕ್ತಿ ಸಿಗುತ್ತದೆ.

ನಮ್ಮ ಪರಶುರಾಂಪುರದ ಮನೆಯ ಬೋರು ಮನೆಯ ಪಕ್ಕದಲ್ಲೇ ಇದೆ ಎನ್ನೋಣ. ಗಂಟೆಗೆ 1,500 ಲೀಟರೆಂದರೆ ಸೆಕೆಂಡಿಗೆ 0.42 ಲೀಟರು. ಎತ್ತರ 73 ಮೀಟರು. ಕೊಳವೆಯ ಸುಂಕ, ಮೊಣಕೈ ತಿರುವು, ವಾಲ್ವು ಎಲ್ಲಕ್ಕೂ ಸೇರಿಸಿ 80 ಎಂದು ಹಿಡಿಯೋಣ. 0.42ನ್ನು 80ರಿಂದ ಗುಣಿಸಿ 75ರಿಂದ ಭಾಗಿಸಿದರೆ 0.45. ಅರ್ಧ ಕುದುರೆಗೂ ಕಡಮೆ! ಆದರೆ ಸಣ್ಣ ಪಂಪುಗಳು ತಾವು ತಿಂದ ಬಲದಲ್ಲಿ ನೂರಕ್ಕೆ 40ರಷ್ಟನ್ನೇ ನೀರಿಗೆ ಕೊಡುತ್ತವೆಂದು ಹಿಡಿದರೆ, 0.45ನ್ನು 0.40ರಿಂದ ಭಾಗಿಸಿ 1.1 ಕುದುರೆಶಕ್ತಿ ಬರುತ್ತದೆ. ಅಂಗಡಿಯಲ್ಲಿ ಸಿಗುವ ಅದರ ಮೇಲಿನ ಅಳತೆ ಒಂದೂವರೆ ಎಚ್.ಪಿ. ಅದೇ ಸಾಕು. ದಿನಕ್ಕೆ ಒಂದು ಗಂಟೆ ಓಡಿದರೆ ಎಂಟು ಜನಕ್ಕೂ ಕೊಟ್ಟಿಗೆಗೂ ನೀರಾಯಿತು.

ಇಲ್ಲಿ ಇನ್ನೊಂದು ಗುಟ್ಟಿದೆ. ಒಂದೂವರೆ ಎಚ್.ಪಿ.ಯ ಪಂಪುಗಳೆಲ್ಲ ಒಂದೇ ಅಲ್ಲ. ಮುಳುಗುವ ಪಂಪಿನೊಳಗೆ ಒಂದರ ಮೇಲೊಂದು ಬಟ್ಟಲುಗಳಂತೆ ಸ್ಟೇಜುಗಳಿರುತ್ತವೆ. ಪ್ರತಿ ಸ್ಟೇಜೂ ನೀರನ್ನು ಇನ್ನಷ್ಟು ಮೇಲಕ್ಕೆ ಏರಿಸುತ್ತದೆ. ಅದೇ ಮೋಟಾರಿಗೆ ಸ್ಟೇಜು ಹೆಚ್ಚಿದ್ದರೆ ಕಡಮೆ ನೀರು ಹೆಚ್ಚು ಎತ್ತರ. ಸ್ಟೇಜು ಕಡಮೆಯಿದ್ದರೆ ಹೆಚ್ಚು ನೀರು ಕಡಮೆ ಎತ್ತರ. ಆದ್ದರಿಂದ ಅಂಗಡಿಗೆ ಹೋಗಿ “ಒಂದೂವರೆ ಎಚ್.ಪಿ. ಕೊಡಿ” ಎನ್ನಬಾರದು. “ಎಂಬತ್ತು ಮೀಟರು ಹೆಡ್ಡಿನಲ್ಲಿ ಗಂಟೆಗೆ ಒಂದೂವರೆ ಸಾವಿರ ಲೀಟರು ಕೊಡೋದು ಯಾವುದಿದೆ, ಪಟ್ಟಿ ತೋರ್ಸಿ” ಎನ್ನಬೇಕು.

ದೊಡ್ಡ ಪಂಪಿನ ಕೇಡು

“ದೊಡ್ಡದಿದ್ದರೆ ತಪ್ಪೇನು ಸ್ವಾಮಿ? ಬೇಗ ತುಂಬುತ್ತೆ, ನಿಲ್ಸಿದ್ರಾಯ್ತು” ಎಂದು ಕೇಳುವವರುಂಟು. ಬಾವಿ ಗಂಟೆಗೆ ಎರಡು ಸಾವಿರ ಕೊಡುತ್ತದೆ, ಪಂಪು ಆರು ಸಾವಿರ ಎಳೆಯುತ್ತದೆ ಎನ್ನಿ. ಬೋರಿನೊಳಗೆ ನಿಂತ ನೀರು ಎಷ್ಟು? ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ಸುಮಾರು ಆರೂವರೆ ಲೀಟರು ಮಾತ್ರ. ಪಂಪಿನ ಮೇಲೆ 150 ಅಡಿ ನೀರಿದ್ದರೂ ಸಾವಿರ ಲೀಟರೂ ಆಗುವುದಿಲ್ಲ. ಕಾಲು ಗಂಟೆಯೊಳಗೆ ನೀರು ಪಂಪಿನ ಬಾಯಿಗಿಳಿಯುತ್ತದೆ. ಆಮೇಲೆ ಪಂಪು ಗಾಳಿ ನುಂಗುತ್ತದೆ.

ಮುಳುಗುವ ಮೋಟಾರಿಗೆ ಸುತ್ತಲೂ ಹರಿಯುವ ನೀರೇ ತಂಪು. ಪಂಪಿನ ಬೇರಿಂಗಿಗೆ ನೀರೇ ಎಣ್ಣೆ. ನೀರು ತಪ್ಪಿತೆಂದರೆ ಮೋಟಾರು ಕಾದು ವೈಂಡಿಂಗ್ ಸುಡುತ್ತದೆ. ಅದನ್ನು ಮೇಲೆತ್ತುವ ಕೂಲಿ, ಸುತ್ತಿಸುವ ಖರ್ಚು, ಅಷ್ಟು ದಿನ ದನಕರುಗಳ ಬಾಯಾರಿಕೆ ಎಲ್ಲವೂ ಮನೆಯವರ ತಲೆಯ ಮೇಲೆ. ಅಷ್ಟೇ ಅಲ್ಲ. ನೀರಿನ ಮಟ್ಟ ಒಮ್ಮೆಲೇ ಕುಸಿದಾಗ ಬಂಡೆಯ ಬಿರುಕುಗಳಿಂದ ಮರಳು, ಮಡ್ಡಿ ಕಿತ್ತುಕೊಂಡು ಬಂದು ಪಂಪಿನ ಸ್ಟೇಜುಗಳನ್ನು ಸವೆಸುತ್ತದೆ, ಬೋರಿನ ತಳವನ್ನು ತುಂಬಿಸುತ್ತದೆ.

ಕರ್ನಾಟಕದಲ್ಲಿ ಹತ್ತು ಎಚ್.ಪಿ.ವರೆಗಿನ ನೀರಾವರಿ ಪಂಪುಗಳಿಗೆ ಕರೆಂಟಿನ ದುಡ್ಡಿಲ್ಲ. ಆದರೆ ಮೋಟಾರು ಸುತ್ತುವವನು ದುಡ್ಡಿಲ್ಲದೆ ಸುತ್ತುವುದಿಲ್ಲ, ಬಾವಿಯಂತೂ ಸಾಲ ಕೊಡುವುದೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಪಂಪಿಗೂ ಸಲ್ಲುತ್ತದೆ.

ಈಗಾಗಲೇ ದೊಡ್ಡ ಪಂಪು ಇಳಿಸಿರುವವರು ಏನು ಮಾಡಬೇಕು? ಮೇಲೆ ಗೇಟು ವಾಲ್ವು ಹಾಕಿ, ಡ್ರಮ್ಮು ಹಿಡಿದು ಅಳೆಯುತ್ತಾ, ಬಾವಿ ಕೊಡುವಷ್ಟಕ್ಕೆ ಇಳಿಯುವವರೆಗೆ ತಿರುಪಿ ನಿಲ್ಲಿಸಬಹುದು. ಪೂರ್ತಿ ಮಾತ್ರ ಮುಚ್ಚಿ ಓಡಿಸಕೂಡದು. ನೀರು ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ಪೆಟ್ಟಿಗೆಗಳು ಸ್ಟಾರ್ಟರಿನ ಜೊತೆಗೆ ಸಿಗುತ್ತವೆ. ಒಂದು ಸಲ ಮೋಟಾರು ಸುತ್ತಿಸುವ ಬದಲು ಅದನ್ನು ಹಾಕಿಸುವುದು ಲೇಸು. ಮುಂದೆ ಪಂಪು ಮೇಲೆ ಬಂದಾಗ ಸರಿಯಾದ ಅಳತೆಯದನ್ನು ಇಳಿಸಿರಿ.

ಒಂದು ಇಂಚಿನ ಬಾವಿಯ ಬೆಲೆ

ಈಗ ಈ ಹೊತ್ತಿನ ಮುಖ್ಯ ಮಾತಿಗೆ ಬರೋಣ. ಒಂದೇ ಇಂಚು ಬಿದ್ದ ಬೋರನ್ನು ಕಲ್ಲು ಮುಚ್ಚಿ ಬಿಟ್ಟು, ಸಾಲ ಮಾಡಿ ಇನ್ನೊಂದು ಕೊರೆಸುವವರು ನಮ್ಮಲ್ಲಿದ್ದಾರೆ. ಹೊಲಕ್ಕೆ ಒಂದು ಇಂಚು ಸಾಲದು, ನಿಜ. ಮನೆಗೆ?

ಒಂದು ಇಂಚೆಂದರೆ ಗಂಟೆಗೆ 500 ಲೀಟರು. ಮುಕ್ಕಾಲು ಪಾಲು ತೆಗೆದುಕೊಂಡರೂ 375. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ 1,500 ಲೀಟರು. ಎಂಟು ಜನ, ನಾಲ್ಕು ದನ, ನಲವತ್ತು ಕುರಿಯ ಅದೇ ಮನೆ ಈ ಒಂದು ಇಂಚಿನ ಬಾವಿಯಲ್ಲೇ ನಡೆಯುತ್ತದೆ! ಬೇಕಾದದ್ದು ಎರಡೇ: ಅರ್ಧ ಎಚ್.ಪಿ.ಯ ಆಸುಪಾಸಿನ, ಕಡಮೆ ನೀರು ಹೆಚ್ಚು ಎತ್ತರಕ್ಕೆ ಏರಿಸುವ ಪಂಪು. ಬಂದ ನೀರನ್ನು ಹಿಡಿದಿಡುವ ತೊಟ್ಟಿ. ಅಷ್ಟು ಸಣ್ಣ ಪಂಪು ಸಿಗದಿದ್ದರೆ ವಾಲ್ವು ಹಿಡಿದು, ಬೆಳಿಗ್ಗೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ಸಂಜೆ ಒಂದಿಷ್ಟು ಓಡಿಸಿರಿ. ನಡುವೆ ಬಾವಿ ತುಂಬಿಕೊಳ್ಳುತ್ತದೆ. ಬಾವಿ ನಿಧಾನವಾಗಿ ಕೊಡುತ್ತದೆ, ಮನೆ ಒಮ್ಮೆಲೇ ಕೇಳುತ್ತದೆ. ಇವೆರಡರ ನಡುವಿನ ಸಂಧಾನಗಾರನೇ ತೊಟ್ಟಿ. ಮಳೆ ನಾಲ್ಕು ದಿನ ಬಂದು ಹೋಗುವ ಈ ಸೀಮೆಯಲ್ಲಿ ಹಿರಿಯರು ಕೆರೆ, ಗೋಕಟ್ಟೆ ಕಟ್ಟಿದ್ದೂ ಇದೇ ಬುದ್ಧಿಯಿಂದ.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಒಂದು ದಿನದ ನೀರಂತೂ ಹಿಡಿಯಲೇಬೇಕು. ಕರೆಂಟು ಕೈಕೊಡುವ ದಿನಗಳನ್ನು ನೆನೆದು ಒಂದೂವರೆ ದಿನದ್ದು ಹಿಡಿದರೆ ನಿಶ್ಚಿಂತೆ. ನಮ್ಮ ಮನೆಯ ಲೆಕ್ಕಕ್ಕೆ 2,000ದಿಂದ 2,250 ಲೀಟರು.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. 2,000 ಲೀಟರು ನೀರೆಂದರೆ ಎರಡು ಟನ್ ತೂಕ. ಮಣ್ಣಿನ ಮಾಳಿಗೆಯ ಮನೆಗಳ ಮೇಲೆ ಅದನ್ನು ಎಂದಿಗೂ ಇಡಕೂಡದು. ತೊಲೆ ಜಂತೆಗಳು ಅಷ್ಟು ಭಾರವನ್ನು ಹೊರಲಾರವು. ಸೋರಿದ ನೀರು ಮಣ್ಣನ್ನು ನೆನೆಸಿ ಭಾರವನ್ನು ಇನ್ನೂ ಹೆಚ್ಚಿಸುತ್ತದೆ. ಕೆಳಗೆ ಮಲಗುವವರು ಮಕ್ಕಳು ಮರಿ. ಮನೆಯ ಪಕ್ಕದಲ್ಲಿ ಸೈಜುಗಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ತೊಟ್ಟಿ ಕೂರಿಸಿರಿ. ನಲ್ಲಿಗಿಂತ ಎಂಟು ಹತ್ತು ಅಡಿ ಮೇಲಿದ್ದರೆ ಬಚ್ಚಲಿಗೂ ಕೊಟ್ಟಿಗೆಗೂ ನೀರು ತಾನಾಗಿ ಇಳಿಯುತ್ತದೆ. ಕಟ್ಟೆ ತಗ್ಗಿದಷ್ಟೂ ಪಂಪಿಗೂ ಕೆಲಸ ಕಡಮೆ.

ಸಂಪಿನಿಂದ ಮೇಲಿನ ತೊಟ್ಟಿಗೆ

ಪಂಚಾಯಿತಿಯ ನಲ್ಲಿ ನೀರನ್ನು ನೆಲದ ಸಂಪಿನಲ್ಲಿ ಹಿಡಿದು ಮೇಲಿನ ತೊಟ್ಟಿಗೆ ಏರಿಸುವ ಮನೆಗಳಲ್ಲಿ ಲೆಕ್ಕ ಇನ್ನೂ ಹಗುರ. ಸಂಪಿನ ತಳದಿಂದ ತೊಟ್ಟಿಯ ಬಾಯಿಗೆ ಒಂಬತ್ತು ಮೀಟರು, ಸುಂಕ ಸೇರಿ ಹನ್ನೆರಡು ಎನ್ನಿ. ಗಂಟೆಗೆ 1,500 ಲೀಟರು ಏರಿಸಲು ಪಂಪು ತಿನ್ನುವ ಬಲವನ್ನೆಲ್ಲ ಸೇರಿಸಿದರೂ ಕಾಲು ಕುದುರೆ ಆಗುವುದಿಲ್ಲ. ಅರ್ಧ ಎಚ್.ಪಿ.ಯದು ಧಾರಾಳ. ಹೀಗಿರುವಾಗ ಒಂದು, ಒಂದೂವರೆ ತಂದು ಮನೆಯ ಮೀಟರು ಓಡಿಸುವುದು ಯಾವ ಪುರುಷಾರ್ಥಕ್ಕೆ? ಈ ಪಂಪನ್ನು ಪಂಚಾಯಿತಿಯ ಕೊಳವೆಗೆ ನೇರವಾಗಿ ಮಾತ್ರ ಜೋಡಿಸಬೇಡಿರಿ. ನೀವು ಎಳೆದುಕೊಂಡ ನೀರು ಬೀದಿಯ ಕೊನೆಯ ಮನೆಯ ಬಿಂದಿಗೆಯದು. ಅಲ್ಲದೆ ಕೊಳವೆ ಬಿರುಕು ಬಿಟ್ಟ ಕಡೆ ಚರಂಡಿಯ ನೀರನ್ನೂ ಅದು ಒಳಕ್ಕೆ ಎಳೆದುಕೊಂಡೀತು.

ಕೊಳ್ಳುವಾಗ ನೋಡಬೇಕಾದದ್ದು

ಪಂಪಿನ ಮೇಲೆ ಅಂಟಿಸಿದ ತಗಡನ್ನು ಓದಿಸಿರಿ. ಅದರಲ್ಲಿ ಹೆಡ್ ಎಷ್ಟರಿಂದ ಎಷ್ಟರವರೆಗೆ, ಡಿಸ್ಚಾರ್ಜ್ ಎಷ್ಟೆಂದು ಬರೆದಿರುತ್ತದೆ. ನಿಮ್ಮ ಅಂಕಿ ಆ ಎರಡು ಕೊನೆಗಳ ನಡುವೆ ಬರಬೇಕು, ತುದಿಯಲ್ಲಿ ಬೇಡ. ಬೋರಿನ ಪಂಪಿಗೆ ಐ.ಎಸ್. 8034 ಎಂಬ ಸಂಖ್ಯೆಯೊಡನೆ ಐ.ಎಸ್.ಐ. ಗುರುತು ಇದೆಯೇ ನೋಡಿರಿ. ನಕ್ಷತ್ರದ ಚೀಟಿ ಇದ್ದರೆ, ನಕ್ಷತ್ರ ಹೆಚ್ಚಿದಷ್ಟೂ ಕರೆಂಟು ಕಡಮೆ.

ಕೇಬಲ್ಲಿನಲ್ಲಿ ಜಿಪುಣತನ ಬೇಡ. ಸಣ್ಣ ಕೇಬಲ್ಲಿನಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಮೋಟಾರಿನ ತಿರುಗಿಸುವ ಬಲ ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ. ಬೇಸಿಗೆಯಲ್ಲಿ ಮೋಟಾರು ಗೊಣಗುವುದು ಇದಕ್ಕೇ. ಅದಕ್ಕೆ ದೊಡ್ಡ ಮೋಟಾರು ಮದ್ದಲ್ಲ, ದಪ್ಪ ಕೇಬಲ್ಲು ಮದ್ದು. ಅರ್ಥಿಂಗ್ ತಂತಿಯನ್ನು ಮರೆಯಲೇಬೇಡಿರಿ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು.

ಕೊನೆಯದಾಗಿ

ರೈತ ಬಾಂಧವರೆ, ಇಷ್ಟು ಹೊತ್ತು ಹೇಳಿದ್ದನ್ನು ಅಡಕವಾಗಿ ನೆನಪಿಡುವುದಾದರೆ:

1. ಮನೆಗೂ ಕೊಟ್ಟಿಗೆಗೂ ದಿನಕ್ಕೆ ಬೇಕಾದ ನೀರನ್ನು ಲೀಟರಿನಲ್ಲಿ ಬರೆಯಿರಿ.
2. ಬಾವಿಯ ನೀರನ್ನು ಬೇಸಿಗೆಯಲ್ಲಿ ಡ್ರಮ್ಮು, ಗಡಿಯಾರ ಹಿಡಿದು ಅಳೆಯಿರಿ. ಮುಕ್ಕಾಲು ಪಾಲನ್ನು ಮಾತ್ರ ಪಂಪಿಗೆ ಕೊಡಿರಿ.
3. ಪಂಪು ಓಡುವಾಗಿನ ನೀರಿನ ಮಟ್ಟದಿಂದ ತೊಟ್ಟಿಯ ಬಾಯಿಗೆ ಎತ್ತರ ಹಿಡಿಯಿರಿ, ಬೋರಿನ ಆಳವನ್ನಲ್ಲ.
4. ದೂರಕ್ಕೆ ದಪ್ಪ ಕೊಳವೆ ಹಾಕಿರಿ.
5. ಹೆಡ್ಡು, ಡಿಸ್ಚಾರ್ಜು ಹೇಳಿ ಪಂಪು ಕೇಳಿರಿ; ಬರೀ ಎಚ್.ಪಿ. ಹೇಳಿ ಕೇಳಬೇಡಿರಿ.
6. ಬಾವಿ ಸಣ್ಣದಾದರೆ ಪಂಪನ್ನೂ ಸಣ್ಣದು ಮಾಡಿರಿ, ತೊಟ್ಟಿಯನ್ನು ದೊಡ್ಡದು ಮಾಡಿರಿ.

ಇನ್ನೊಂದು ಬೋರು ಕೊರೆಸಲು ಸಾಲದ ಪತ್ರಕ್ಕೆ ರುಜು ಹಾಕುವ ಮುನ್ನ, ಈಗಿರುವ ಬಾವಿಯ ಬಳಿ ಒಂದು ಡ್ರಮ್ಮು, ಒಂದು ಗಡಿಯಾರ ಹಿಡಿದು ಅರ್ಧ ದಿನ ಕುಳಿತುಕೊಳ್ಳಿರಿ. ಕಡಮೆ ಬಿದ್ದದ್ದು ನೀರೋ ಅಳತೆಯೋ ಎಂಬುದು ಸಂಜೆಯೊಳಗೆ ಗೊತ್ತಾಗುತ್ತದೆ.